ಲಂಡನ್‌ನಲ್ಲಿ ಕಲಿತದ್ದು ಹಣ್ಣಾಗೋಕೆ ಎಷ್ಟು ವರ್ಷ ಬೇಕು?

ಅಕ್ಕನ ಮಗಳು ಬಿಎಫ್‌ಎ ಮುಗಿಸಿದ್ದಾಳೆ. ಚಿತ್ರ ಚೆನ್ನಾಗಿಯೇ ಬರೆಯುತ್ತಾಳೆ. ಈಗ ಲಂಡನ್‌ಗೆ ಹೋಗಿ ಎಂಎ ಮಾಡಲೇಬೇಕು ಅಂತ ಹಟ ಹಿಡಿದಿದ್ದಾಳೆ. ಹೋದ ತಿಂಗಳು ಮನೆಗೆ ಬಂದಾಗ ಲ್ಯಾಪ್‌ಟಾಪ್ ತೆಗೆದು ಒಂದು ಎಕ್ಸೆಲ್ ಶೀಟ್ ತೋರಿಸಿದಳು. ಫೀಸು, ವೀಸಾ, ಬಾಡಿಗೆ, ವಿಮಾನ, ಬಡ್ಡಿ ಎಲ್ಲ ಅಚ್ಚುಕಟ್ಟಾಗಿ ಬರೆದಿದ್ದಳು. ಕೊನೆಯ ಕಾಲಂ ಮಾತ್ರ ಖಾಲಿ. "ಮಾಮ, ಹೋಗೋದು ಎಷ್ಟು ಅಂತ ಬರ್ದಿದೀನಿ, ಬರೋದೇನು ಅಂತ ಗೊತ್ತಾಗ್ತಿಲ್ಲ, ನೀವೇ ಹೇಳಿ" ಅಂದಳು.

ನಾನು ಕಲೆ ಓದಿದವನಲ್ಲ. ಇಪ್ಪತ್ತು ವರ್ಷದಿಂದ ಗ್ಯಾಲರಿ ಸುತ್ತಿದವನು, ಸ್ಟುಡಿಯೋಗಳಲ್ಲಿ ಕೂತು ಟೀ ಕುಡಿದವನು, ಅಷ್ಟೇ. ಆದರೆ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಹೊರದೇಶಕ್ಕೆ ಹೋಗಿ ಕಲೆ ಕಲಿತು ಬಂದವರಲ್ಲಿ ಹತ್ತು, ಇಪ್ಪತ್ತು, ಮೂವತ್ತು ವರ್ಷದ ಮೇಲೂ ಉಳಿಯೋದು ಏನು? ಸರ್ಟಿಫಿಕೇಟ್ ಗೋಡೆ ಮೇಲೆ ಉಳಿಯುತ್ತೆ, ಅದು ಬಿಡಿ. ಕೈಯಲ್ಲಿ, ಕಣ್ಣಲ್ಲಿ ಏನು ಉಳಿಯುತ್ತೆ?

ಮೊದಲು ಆ ಶೀಟ್‌ನ ಲೆಕ್ಕವನ್ನೇ ನೋಡೋಣ. ಲಂಡನ್‌ನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಹೊರದೇಶದ ವಿದ್ಯಾರ್ಥಿಗೆ ಎಂಎ ಫೀಸು 30 ಸಾವಿರ ಪೌಂಡ್‌ಗೆ ಕಡಿಮೆ ಇಲ್ಲ. ವೀಸಾ ಬೇಕು ಅಂದರೆ ಅಲ್ಲಿ ಬದುಕೋಕೆ ತಿಂಗಳಿಗೆ ಸುಮಾರು 1,500 ಪೌಂಡ್‌ನಂತೆ 9 ತಿಂಗಳ ದುಡ್ಡು ಖಾತೆಯಲ್ಲಿದೆ ಅಂತ ತೋರಿಸಬೇಕು. ಅಲ್ಲಿನ ಸರ್ಕಾರಿ ಆಸ್ಪತ್ರೆ ಬಳಕೆಗೆ ಅಂತ ವರ್ಷಕ್ಕೆ 776 ಪೌಂಡ್ ಮುಂಗಡ ಕಟ್ಟಬೇಕು. ಎಲ್ಲ ಕೂಡಿಸಿ ರೂಪಾಯಿಗೆ ತಂದರೆ 50 ಲಕ್ಷದ ಹತ್ತಿರ ಹೋಗುತ್ತದೆ. ಅದರಲ್ಲಿ 40 ಲಕ್ಷ ಸಾಲ ಅಂತ ಇಟ್ಟುಕೊಳ್ಳಿ, ಬಡ್ಡಿ ಹತ್ತೂವರೆ, ಅವಧಿ 15 ವರ್ಷ. ತಿಂಗಳ ಕಂತು 44 ಸಾವಿರ ದಾಟುತ್ತದೆ. ಕಲಾ ಕಾಲೇಜಿನ ಅತಿಥಿ ಉಪನ್ಯಾಸಕರಿಗೆ ಕೈಗೆ ಎಷ್ಟು ಬರುತ್ತೆ ಅಂತ ಗೊತ್ತಿದ್ದವರಿಗೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ.

ಅಲ್ಲೇ ದುಡಿದು ತೀರಿಸುತ್ತೇನೆ ಅಂದರೆ ಆ ಬಾಗಿಲೂ ಕಿರಿದಾಗುತ್ತಿದೆ. ಓದು ಮುಗಿದ ಮೇಲೆ ಬ್ರಿಟನ್‌ನಲ್ಲಿ ಇದ್ದು ಕೆಲಸ ಹುಡುಕಲು 2 ವರ್ಷ ಕೊಡುತ್ತಿದ್ದರು. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳಂತೆ. ಅಮೆರಿಕದಲ್ಲಿ ಕಂಪ್ಯೂಟರ್ ಓದಿದವನಿಗೆ ಡಿಗ್ರಿ ಮೇಲೆ ಮೂರು ವರ್ಷ ಕೆಲಸ ಮಾಡುವ ಅವಕಾಶ ಇದೆ, ಪೇಂಟಿಂಗ್ ಓದಿದವಳಿಗೆ ಸಾಮಾನ್ಯವಾಗಿ ಒಂದೇ ವರ್ಷ.

ಈಗ ಖಾಲಿ ಕಾಲಂಗೆ ಬರೋಣ. ಇದಕ್ಕೆ ಉತ್ತರ ಹಿಂದೆ ಹೋಗಿ ಬಂದವರ ಬದುಕಿನಲ್ಲೇ ಹುಡುಕಬೇಕು. ಮೊದಲಿಗೆ ನೆನಪಾಗೋದು ಅಮೃತಾ ಶೇರ್‌ಗಿಲ್. ಹುಟ್ಟಿದ್ದು 1913ರಲ್ಲಿ ಬುಡಾಪೆಸ್ಟ್‌ನಲ್ಲಿ. ತಾಯಿ ಹಂಗೇರಿಯವರು, ತಂದೆ ಪಂಜಾಬಿ. ಹದಿನಾರರ ಹುಡುಗಿಯಾಗಿ ಪ್ಯಾರಿಸ್ ಸೇರಿ, ಎಕೋಲ್ ದೆ ಬೋಜಾರ್ ಅನ್ನೋ ಕಲಾ ಶಾಲೆಯಲ್ಲಿ ಲೂಸಿಯಾಂ ಸಿಮೋಂ ಹತ್ತಿರ ಕಲಿತರು. ಇಪ್ಪತ್ತು ತುಂಬುವ ಹೊತ್ತಿಗೆ ಅಲ್ಲಿನ ದೊಡ್ಡ ಪ್ರದರ್ಶನದಲ್ಲಿ ಚಿನ್ನದ ಪದಕ ಬಂದಿತ್ತು. ಅಲ್ಲೇ ಇದ್ದಿದ್ದರೆ ಆರಾಮಾಗಿ ಬದುಕು ನಡೆಯುತ್ತಿತ್ತು. ಆದರೆ 1934ರಲ್ಲಿ ಅಪ್ಪ ಅಮ್ಮನಿಗೆ ಒಂದು ಕಾಗದ ಬರೆದರು, ನಾನು ಭಾರತಕ್ಕೆ ಬರುತ್ತೇನೆ ಅಂತ. ಅದರಲ್ಲಿ ಹೇಳಿದ ಮಾತಿನ ಸಾರ ಇದು: ಯುರೋಪಿಗೆ ಬರದೇ ಇದ್ದಿದ್ದರೆ ಅಜಂತಾದ ಒಂದು ಭಿತ್ತಿಚಿತ್ರ, ಪ್ಯಾರಿಸ್‌ನ ಮ್ಯೂಸೆ ಗಿಮೆ ಅನ್ನೋ ಮ್ಯೂಸಿಯಂನಲ್ಲಿರುವ ಒಂದು ಪುಟ್ಟ ಶಿಲ್ಪ ಇಡೀ ರೆನೆಸಾನ್ಸ್‌ಗಿಂತ ಬೆಲೆಬಾಳುತ್ತದೆ ಅನ್ನೋದು ನನಗೆ ಹೊಳೆಯುತ್ತಲೇ ಇರಲಿಲ್ಲವೇನೋ.

ಇದನ್ನು ಓದಿದಾಗಲೆಲ್ಲ ನನಗೆ ಸ್ವಲ್ಪ ನಗು ಬರುತ್ತದೆ. ಪ್ಯಾರಿಸ್‌ನಲ್ಲಿ ದುಡ್ಡು ಸುರಿದು ಐದು ವರ್ಷ ಓದಿ ಹುಡುಗಿ ಕಲಿತ ಪಾಠ, ಅಜಂತಾ ದೊಡ್ಡದು ಅಂತ! ಟಿಕೆಟ್ ತಗೊಂಡು ಔರಂಗಾಬಾದ್‌ಗೆ ಹೋಗಿದ್ದರೆ ಸಾಕಿತ್ತಲ್ವಾ? ಸಾಕಿರಲಿಲ್ಲ, ಅದೇ ಇಲ್ಲಿನ ವಿಷಯ. ಅವರ ಗುರು ಸಿಮೋಂ ಕೂಡ, ನಿನ್ನ ಬಣ್ಣ ಈ ಮಂಕು ಸ್ಟುಡಿಯೋಗಳಿಗೆ ಹೊಂದೋದಲ್ಲ, ಪೂರ್ವದ ಬೆಳಕಲ್ಲೇ ಅದಕ್ಕೆ ಜಾಗ ಅಂತ ಹೇಳುತ್ತಿದ್ದರಂತೆ. ಬಣ್ಣವನ್ನು ಹಾಗೆ ನೋಡೋಕೆ ಕಲಿಸಿದ್ದು ಪ್ಯಾರಿಸ್. ಆ ಕಣ್ಣು ತಗೊಂಡು ಅವರು 1936ರ ಕೊನೆಗೆ, 37ರ ಮೊದಲಲ್ಲಿ ಅಜಂತಾ, ಎಲ್ಲೋರಾ, ಕೊಚ್ಚಿಯ ಮಟ್ಟಂಚೇರಿ ಅರಮನೆ, ಕನ್ಯಾಕುಮಾರಿ ಅಂತ ದಕ್ಷಿಣ ಸುತ್ತಿದರು. ಮದುಮಗಳ ಸಿಂಗಾರ, ಜನಿವಾರದ ವಟುಗಳು, ಸಂತೆಗೆ ಹೊರಟ ಹಳ್ಳಿ ಜನ, ಮೂರೂ ದೊಡ್ಡ ಚಿತ್ರಗಳು ಆ ತಿರುಗಾಟದ ಬೆನ್ನಿಗೇ ಬಂದವು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 28ನೇ ವಯಸ್ಸಿಗೆ, ಲಾಹೋರ್‌ನಲ್ಲಿ ತೀರಿಕೊಂಡರು.

ಆ ಚಿತ್ರಗಳ ಪ್ರಭಾವ ಅಲ್ಲಿಗೆ ನಿಲ್ಲಲಿಲ್ಲ. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಮುಂಬಯಿಗೆ ಹೋಗಿ ಜೆ.ಜೆ. ಸ್ಕೂಲ್‌ನಲ್ಲಿ ಕಲಿತಿದ್ದ ಕೆ.ಕೆ. ಹೆಬ್ಬಾರರು ಶೇರ್‌ಗಿಲ್ ಚಿತ್ರಗಳನ್ನು ನೋಡಿ ಅಲುಗಾಡಿಹೋದರು. ಅಂದರೆ ಹೆಬ್ಬಾರರು ಪ್ಯಾರಿಸ್‌ಗೆ ಹೋಗುವ ಎಷ್ಟೋ ವರ್ಷ ಮೊದಲೇ ಪ್ಯಾರಿಸ್ ಅವರ ಹತ್ತಿರ ಬಂದಿತ್ತು, ಪಂಜಾಬಿ ಹುಡುಗಿಯೊಬ್ಬಳ ಕೈಯಿಂದ. ಆಮೇಲೆ 1949ರಲ್ಲಿ ಅವರೇ ಹೋದರು, ಅಕಾಡೆಮಿ ಜೂಲಿಯಾಂಗೆ. ಆಗ ವಯಸ್ಸು 38. ಅಷ್ಟರಲ್ಲಿ ಸ್ವತಃ ಮೇಷ್ಟ್ರಾಗಿ ಪಾಠ ಹೇಳಿದ್ದವರು. ಇದು ನನಗೆ ಬಹಳ ಮುಖ್ಯ ಅನಿಸುತ್ತದೆ. ಇಪ್ಪತ್ತೆರಡಕ್ಕೆ ಹೋದವರು ಅಲ್ಲಿ ಏನು ಕೊಟ್ಟರೂ ಬಾಚಿಕೊಳ್ಳುತ್ತಾರೆ. ಮೂವತ್ತೆಂಟಕ್ಕೆ ಹೋದವರು ತನಗೆ ಏನು ಬೇಡ ಅಂತ ಗೊತ್ತಿಟ್ಟುಕೊಂಡೇ ಹೋಗುತ್ತಾರೆ. ಹೆಬ್ಬಾರರ ಹೆಸರು ಹೇಳಿದರೆ ನಮಗೆ ಈಗಲೂ ನೆನಪಾಗೋದು ಆ ರೇಖೆ, ಒಂದೇ ಎಳೆತಕ್ಕೆ ಕುಣಿಯುವವಳನ್ನು ನಿಲ್ಲಿಸಿಬಿಡುವ ಗೆರೆ. ಲಯ ಮೈಗೆ ಹತ್ತಲಿ ಅಂತ ಕಥಕ್ ಕಲಿತವರು ಅವರು. ಆ ಗೆರೆಯಲ್ಲಿ ಪ್ಯಾರಿಸ್ ಎಷ್ಟು, ಕಥಕ್ ಎಷ್ಟು, ಚಿಕ್ಕಂದಿನಲ್ಲಿ ನೋಡಿದ ಯಕ್ಷಗಾನ ಎಷ್ಟು ಅಂತ ಬಿಡಿಸಿ ತೂಗೋಕೆ ನನ್ನ ಹತ್ತಿರ ತಕ್ಕಡಿ ಇಲ್ಲ.

ಇನ್ನೊಂದು ಕತೆ ಗುಲಾಂ ಮೊಹಮ್ಮದ್ ಶೇಖ್ ಅವರದು. ಗುಜರಾತಿನ ಸುರೇಂದ್ರನಗರದವರು, ಬರೋಡಾದಲ್ಲಿ ಕಲಿತವರು. 1963ರಿಂದ 66ರವರೆಗೆ ಲಂಡನ್‌ನ ರಾಯಲ್ ಕಾಲೇಜ್‌ನಲ್ಲಿದ್ದರು. ಕಾಲೇಜಿನ ಪಕ್ಕದಲ್ಲೇ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಅದರೊಳಗೆ ನಮ್ಮಿಂದ ಹೋದ ಮೊಘಲ್, ರಜಪೂತ ಮಿನಿಯೇಚರ್‌ಗಳು, ಅಂದರೆ ಪುಟ್ಟ ಅಳತೆಯ ಸೂಕ್ಷ್ಮ ಚಿತ್ರಗಳು, ರಾಶಿ ರಾಶಿ. ಊರಲ್ಲಿದ್ದಾಗ ಪುಸ್ತಕದಲ್ಲಿ ಕಪ್ಪು ಬಿಳುಪಿನಲ್ಲಿ ನೋಡಿದ ಚಿತ್ರ ಅಲ್ಲಿ ಕಣ್ಣೆದುರು ಬಣ್ಣದಲ್ಲಿ. ಜೊತೆಗೆ ಇಟಲಿ ಸುತ್ತಿದರು. ಸಿಯೆನಾದಲ್ಲಿ 14ನೇ ಶತಮಾನದ ಲೊರೆಂಜೆಟ್ಟಿ ಬರೆದ ಗೋಡೆಚಿತ್ರ ಇದೆ. ಒಂದೇ ಗೋಡೆಯಲ್ಲಿ ಇಡೀ ಪಟ್ಟಣ, ಅಂಗಡಿ, ಕುಣಿತ, ಕತ್ತೆ, ಹೊಲ ಎಲ್ಲ ಇದೆ. ಮಿನಿಯೇಚರ್‌ನ ಹಾಗೇ ಅದರಲ್ಲೂ ಒಂದೇ ಕಡೆಯಿಂದ ನೋಡಬೇಕು ಅನ್ನೋ ಹಟ ಇಲ್ಲ. ಕಣ್ಣು ಬೇಕಾದ ಕಡೆ ತಿರುಗಾಡಬಹುದು.

ಇದೆಲ್ಲ ನೋಡಿಬಂದ ಮರುದಿನವೇ ಅವರೇನು ದೊಡ್ಡ ಚಿತ್ರ ಬರೆದುಬಿಡಲಿಲ್ಲ. ಕೋಮುಗಲಭೆಯ ಬರೋಡಾ ಪಟ್ಟಣವನ್ನೇ ತುಂಬಿಟ್ಟ ಅವರ 'ಸಿಟಿ ಫಾರ್ ಸೇಲ್' ಶುರುವಾಗಿದ್ದು 1981ರಲ್ಲಿ, ಮುಗಿದದ್ದು 84ಕ್ಕೆ. ಲಂಡನ್‌ನಿಂದ ಬಂದು ಹದಿನೈದು ವರ್ಷವಾದ ಮೇಲೆ. ತಮಾಷೆ ಅಂದರೆ ಆ ಚಿತ್ರ ಈಗ ಇರೋದು ಅದೇ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ.

ಈ ಹದಿನೈದು ವರ್ಷ ಅನ್ನೋದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಯಾಕಂದರೆ ಬೇರೆಯವರ ಲೆಕ್ಕ ತೆಗೆದರೂ ಹೀಗೇ ಬರುತ್ತದೆ. ಎಸ್.ಎಚ್. ರಜಾ ಫ್ರೆಂಚ್ ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಪ್ಯಾರಿಸ್‌ಗೆ ಹೋದದ್ದು 1950ರಲ್ಲಿ. ಅಲ್ಲೇ ನಿಂತರು, ಅರವತ್ತು ವರ್ಷ. ಅಲ್ಲಿನ ಊರು, ಚರ್ಚು, ಬೆಟ್ಟ ಬರೆದರು, ಹೆಸರು ಬಂತು. ಅವರನ್ನು ಇವತ್ತು ನಾವು ಗುರುತಿಸೋ 'ಬಿಂದು' ಗಟ್ಟಿಯಾಗಿ ಕೂತದ್ದು 1980ರ ಹೊತ್ತಿಗೆ, ಮೂವತ್ತು ವರ್ಷ ಕಳೆದ ಮೇಲೆ. ಆ ಚುಕ್ಕಿ ಎಲ್ಲಿಂದ ಬಂತು ಅಂದರೆ ಮಧ್ಯಪ್ರದೇಶದ ಕಾಡಂಚಿನ ಊರಿನ ಪ್ರೈಮರಿ ಸ್ಕೂಲಿಂದ. ಒಂದು ಕಡೆ ಗಮನ ಇಡದ ಹುಡುಗನಿಗೆ ಮೇಷ್ಟ್ರು ಗೋಡೆ ಮೇಲೆ ಚುಕ್ಕಿ ಬರೆದು, ಅದನ್ನೇ ನೋಡ್ತಾ ಕೂತಿರು ಅಂದಿದ್ದರಂತೆ.

ಹಾಗಾದರೆ ಪ್ಯಾರಿಸ್ ಮಾಡಿದ್ದೇನು? ನನ್ನ ಊಹೆ, ಅದು ಆ ಚುಕ್ಕಿಯಿಂದ ಸಾಕಷ್ಟು ದೂರ ನಿಲ್ಲಿಸಿತು. ಮೂಗಿಗೆ ಅಂಟಿದ್ದು ಕಾಣೋದಿಲ್ಲ. ಕೈಯಳತೆ ದೂರ ಹಿಡಿದರೆ ಕಾಣುತ್ತದೆ. ಹೊರಗೆ ಓದಿ ಬಂದವರಲ್ಲಿ ಬಹಳ ವರ್ಷ ಉಳಿಯೋದು ಈ ದೂರವೇ, ಶೈಲಿ ಅಲ್ಲ. ಶೈಲಿ ಬೇಗ ಬರುತ್ತೆ, ಬೇಗ ಹೋಗುತ್ತೆ. ಹೊಸದಾಗಿ ಬಂದವರ ಮೊದಲೆರಡು ಶೋ ನೋಡಿದರೆ ಯಾವ ಕಾಲೇಜು ಅಂತ ಹೇಳಿಬಿಡಬಹುದು. ಹತ್ತು ವರ್ಷದ ಮೇಲೆ ಹೇಳೋಕಾಗಲ್ಲ.

ನಮ್ಮವರೇ ಆದ ಶೀಲಾ ಗೌಡರ ಕತೆ ಕೇಳಿ. ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾ ಶಾಲೆಯಲ್ಲಿ ಕಲಿತರು, ಬಾದಾಮಿ ಕಡೆಯ ಆರ್.ಎಂ. ಹಡಪದ್ ಕಟ್ಟಿದ ಶಾಲೆ ಅದು. ಆಮೇಲೆ ಬರೋಡಾದಲ್ಲಿ ಕೆ.ಜಿ. ಸುಬ್ರಮಣ್ಯನ್ ಹತ್ತಿರ, ಆಮೇಲೆ ಶಾಂತಿನಿಕೇತನ, ಕೊನೆಗೆ ಲಂಡನ್‌ನ ರಾಯಲ್ ಕಾಲೇಜ್. 1986ರಲ್ಲಿ ಅಲ್ಲಿ ಪೇಂಟಿಂಗ್‌ನಲ್ಲಿ ಎಂಎ. ಓದಿದ್ದು ಆಯಿಲ್ ಪೇಂಟಿಂಗ್. ಬಂದು ಬರೆದದ್ದೂ ಆಯಿಲ್‌ನಲ್ಲೇ. 1992ರ ಗಲಭೆಗಳ ಆಸುಪಾಸಿನಲ್ಲಿ ಕ್ಯಾನ್ವಾಸ್ ಬಿಟ್ಟು ಸಗಣಿ ಹಿಡಿದರು.

ಸಗಣಿ ಅಂದರೆ ನಮಗೆ ಬೇರೆ ವಿವರಣೆ ಬೇಕಾ? ಅಂಗಳ ಸಾರಿಸೋದು, ಬೆರಣಿ ತಟ್ಟೋದು, ಪೂಜೆಗೆ ಇಡೋದು, ಕೂಲಿ ಹೆಂಗಸರ ಕೈಕೆಲಸ. ಅದೇ ಹೊತ್ತಿಗೆ ರಾಜಕೀಯದ ವಸ್ತುವೂ ಆಗಿತ್ತು. ನಿತ್ಯ ಕಾಲಿಗೆ ಸಿಗೋ ಈ ಪದಾರ್ಥದಲ್ಲಿ ಇಷ್ಟೆಲ್ಲ ಅಡಗಿದೆ ಅಂತ ನೋಡೋಕೆ ಒಂದು ಹೆಜ್ಜೆ ಹಿಂದೆ ನಿಲ್ಲಬೇಕಾಗುತ್ತದೆ. ಆಮೇಲೆ ಅವರು ಸೂಜಿಗೆ ಪೋಣಿಸಿದ ಉದ್ದುದ್ದ ದಾರಗಳನ್ನು ಕುಂಕುಮ, ಅಂಟು ಹಚ್ಚಿ ಹಗ್ಗದ ಹಾಗೆ ಮಾಡಿ ಗೋಡೆ ತುಂಬ ಹರಿಯಬಿಟ್ಟರು. 2009ರಲ್ಲಿ ವೆನಿಸ್‌ನ ಬಿನಾಲೆಯಲ್ಲಿ, ಎರಡು ವರ್ಷಕ್ಕೊಮ್ಮೆ ನಡೆಯೋ ದೊಡ್ಡ ಕಲಾ ಪ್ರದರ್ಶನದಲ್ಲಿ, ಇಟ್ಟದ್ದಂತೂ ಬೆಂಗಳೂರಿನ ಯಾವ ಆಟೋ ಡ್ರೈವರ್‌ಗೂ ಅರ್ಥವಾಗುವಂಥದ್ದು. ದೃಷ್ಟಿ ತಾಗದಿರಲಿ ಅಂತ ಗಾಡಿಗೆ ಕಟ್ಟುತ್ತೀವಲ್ಲ ಕೂದಲ ಹಗ್ಗ, ಅದನ್ನೇ ಸುಮಾರು 4,000 ಮೀಟರ್ ತಂದು ಕಾರಿನ 20 ಸ್ಟೀಲ್ ಬಂಪರ್‌ಗಳನ್ನು ಅದರಲ್ಲಿ ತೂಗುಹಾಕಿದರು. ದೇವಸ್ಥಾನದಲ್ಲಿ ಮುಡಿ ಕೊಟ್ಟವರ ಕೂದಲು ಅದು. ಈಗ ಲಂಡನ್‌ನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಓದು ಮುಗಿಸಿ ಆಗ 23 ವರ್ಷ ಆಗಿತ್ತು.

ಇದನ್ನೆಲ್ಲ ರಾಯಲ್ ಕಾಲೇಜಿನ ಖಾತೆಗೆ ಬರೆದರೆ ತಪ್ಪಾಗುತ್ತದೆ. ಹಡಪದರ ಪಾಲಿದೆ, ಶಾಂತಿನಿಕೇತನದ ಪಾಲಿದೆ. ಸುಬ್ರಮಣ್ಯನ್ ಪಾಲಂತೂ ಜಾಸ್ತಿಯೇ ಇರಬೇಕು. ಅವರು ಕೂಡ ಶಾಂತಿನಿಕೇತನದಲ್ಲಿ ಕಲಿತು, 1955ರಲ್ಲಿ ಲಂಡನ್‌ನ ಸ್ಲೇಡ್ ಕಲಾ ಶಾಲೆಗೆ ಹೋಗಿ ಬಂದವರು. ಬಂದ ಮೇಲೆ ಹ್ಯಾಂಡ್‌ಲೂಮ್ ಬೋರ್ಡ್‌ನಲ್ಲಿ ಕೆಲಸ ಮಾಡಿದರು, ಬರೋಡಾದ ಕಲಾಜಾತ್ರೆಗೆ ಮರದ ಗೊಂಬೆ ಮಾಡಿದರು, ಮಣ್ಣಿನ ಬಿಲ್ಲೆ ಸುಟ್ಟು ಗೋಡೆ ಕಟ್ಟಿದರು. ಕುಶಲಕರ್ಮಿ ಬೇರೆ, ಕಲಾವಿದ ಬೇರೆ ಅನ್ನೋ ಗೆರೆಯನ್ನೇ ಒಪ್ಪಲಿಲ್ಲ. ಅಂಥ ಮೇಷ್ಟ್ರ ಹತ್ತಿರ ಕಲಿತವರು ಸಗಣಿ ಮುಟ್ಟೋಕೆ ಹಿಂಜರಿಯಲ್ಲ. ಹೊರಗೆ ಓದಿದವರ ಪ್ರಭಾವ ಅವರ ಚಿತ್ರದಲ್ಲಿ ಕಾಣೋದಕ್ಕಿಂತ ಅವರ ಕ್ಲಾಸ್‌ರೂಮಿನಲ್ಲಿ ಜಾಸ್ತಿ ಕಾಣೋದು ಹೀಗೆ.

ಅದೇ ಬರೋಡಾದ ಜ್ಯೋತಿ ಭಟ್ ಇನ್ನೂ ಸ್ವಾರಸ್ಯ. ನೇಪಲ್ಸ್‌ನಲ್ಲಿ ಕಲಿತು, ಆಮೇಲೆ 1964ರಿಂದ 66ರವರೆಗೆ ನ್ಯೂಯಾರ್ಕ್‌ನ ಪ್ರ್ಯಾಟ್ ಕಲಾ ಶಾಲೆಯಲ್ಲಿ ಎಚಿಂಗ್, ಅಂದರೆ ಆಸಿಡ್‌ನಿಂದ ತಗಡು ಕೊರೆದು ಅಚ್ಚು ತೆಗೆಯೋದು, ಕಲಿತು ಬಂದರು. ಅಚ್ಚಿನ ಕಲೆಯನ್ನು ಬರೋಡಾದ ಹುಡುಗರಿಗೆ ಹೇಳಿಕೊಟ್ಟರು. ಜೊತೆಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗಿ ರಂಗೋಲಿ, ಹಚ್ಚೆ, ಮಣ್ಣಿನ ಗೋಡೆ ಮೇಲೆ ಹೆಂಗಸರು ಬರೆದ ಚಿತ್ತಾರ ಎಲ್ಲದರ ಫೋಟೋ ತೆಗೆದರು, ದಶಕಗಟ್ಟಲೆ. ಆ ಗೋಡೆಗಳಲ್ಲಿ ಎಷ್ಟೋ ಈಗ ಇಲ್ಲ, ಸಿಮೆಂಟ್ ಬಂದಿದೆ. ನಮ್ಮ ಸಾಗರದ ಕಡೆ ದೀವರ ಮನೆಗಳ ಹಸೆ ಚಿತ್ತಾರ ನೋಡಿದವರಿಗೆ ಆ ಫೋಟೋಗಳ ಬೆಲೆ ಗೊತ್ತಾಗುತ್ತದೆ.

ಕೈಕೆಲಸದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ದೂರ, ಕಣ್ಣು ಅಂತ ಏನೇ ಹೇಳಿದರೂ, ಕೆಲವು ಸಂಗತಿ ಕಲಿಯೋಕೆ ಮಷೀನ್ ಇರೋ ಜಾಗಕ್ಕೇ ಹೋಗಬೇಕು. ನಮ್ಮ ಕೋಲಾರದ ಪಕ್ಕದ ಚಿತ್ತೂರು ಜಿಲ್ಲೆಯವರು ಕೃಷ್ಣಾ ರೆಡ್ಡಿ. ಶಾಂತಿನಿಕೇತನ, ಸ್ಲೇಡ್ ಮುಗಿಸಿ ಪ್ಯಾರಿಸ್‌ನಲ್ಲಿ ಹೇಟರ್ ಅನ್ನೋ ಕಲಾವಿದ ನಡೆಸುತ್ತಿದ್ದ ಅತೆಲಿಯೆ 17 ಅನ್ನೋ ಅಚ್ಚಿನ ಕಾರ್ಯಾಗಾರ ಸೇರಿದರು. ಅಲ್ಲಿ ಅವರೂ ಗೆಳೆಯರೂ ಸೇರಿ ಕಂಡುಹಿಡಿದದ್ದು ವಿಸ್ಕಾಸಿಟಿ ಪ್ರಿಂಟಿಂಗ್. ವಿಷಯ ಸರಳ, ಆದರೆ ತಲೆ ಓಡಿಸಿದ್ದು ನೋಡಿ. ತಾಮ್ರ ಅಥವಾ ಸತುವಿನ ತಗಡನ್ನು ಬೇರೆ ಬೇರೆ ಆಳಕ್ಕೆ ಕೊರೆಯಬೇಕು. ಒಂದು ಬಣ್ಣಕ್ಕೆ ಎಣ್ಣೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಹಾಕಿದರೆ ಅವೆರಡೂ ಒಂದರ ಮೇಲೊಂದು ಬಂದರೂ ಕಲಸಿಹೋಗಲ್ಲ. ಗಟ್ಟಿ ರೋಲರ್ ಮೇಲ್ಭಾಗವನ್ನಷ್ಟೇ ಮುಟ್ಟುತ್ತದೆ, ಮೆತ್ತನೆಯದು ಹಳ್ಳಕ್ಕೂ ಇಳಿಯುತ್ತದೆ. ಹೀಗೆ ಒಂದೇ ತಗಡು, ಒಂದೇ ಸಲ ಪ್ರೆಸ್‌ಗೆ ಕೊಟ್ಟರೆ ಹಲವು ಬಣ್ಣದ ಚಿತ್ರ ಹೊರಗೆ ಬರುತ್ತದೆ. ಅಲ್ಲಿವರೆಗೆ ಬಣ್ಣಕ್ಕೊಂದು ತಗಡು ಮಾಡೋದು ರೂಢಿ. ರೆಡ್ಡಿ ವಾಪಸ್ ಬರಲಿಲ್ಲ, 2018ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ಅವರ ವಿದ್ಯೆ ಮಾತ್ರ ಬಂತು, ವರ್ಕ್‌ಶಾಪ್‌ಗಳ ಮೂಲಕ, ಶಿಷ್ಯರ ಮೂಲಕ.

ಹೊರಗೆ ಕಲಿತು ಊರಿಗೆ ಬಂದವರಿಗೆ ಇಲ್ಲೇ ಒಂದು ಕಷ್ಟ ಕಾದಿರುತ್ತದೆ. ಅಲ್ಲಿ ಪ್ರೆಸ್ ಇತ್ತು, ಆಸಿಡ್ ರೂಮ್ ಇತ್ತು, ಕಂಚು ಎರಕ ಹೊಯ್ಯೋಕೆ ಕುಲುಮೆ ಇತ್ತು. ಇಲ್ಲಿ ಬಾಡಿಗೆ ಮನೆಯ ಎರಡನೇ ಮಹಡಿ, ಓನರ್ ವಾಸನೆ ಬರುತ್ತೆ ಅಂತಾರೆ. ಪ್ರಿಂಟ್‌ಮೇಕಿಂಗ್ ಓದಿದವರು ಡ್ರಾಯಿಂಗ್‌ಗೆ ಇಳಿಯುತ್ತಾರೆ, ಎರಕ ಕಲಿತವರು ಪೇಪರ್ ಪಲ್ಪ್ ಹಿಡಿಯುತ್ತಾರೆ. ಇದರಿಂದಲೇ ಕೆಲವರಿಗೆ ಹೊಸ ದಾರಿ ಸಿಕ್ಕಿದ್ದೂ ಇದೆ. ಸುಮ್ನೆ ಬಿಟ್ಟುಬಿಟ್ಟವರು ಅದಕ್ಕಿಂತ ಜಾಸ್ತಿ.

ಇನ್ನೊಂದು ಕೊರತೆ ಮಾತಿನದು. ಅಲ್ಲಿ 'ಕ್ರಿಟ್' ಅಂತ ನಡೆಯುತ್ತೆ. ನಿಮ್ಮ ಕೆಲಸ ಗೋಡೆಗೆ ಹಾಕಿ ಸಹಪಾಠಿಗಳು, ಮೇಷ್ಟ್ರುಗಳು ಸುತ್ತ ಕೂತು ಒಂದು ಗಂಟೆ ಬಿಚ್ಚಿ ಬಿಚ್ಚಿ ಮಾತಾಡುತ್ತಾರೆ. ಯಾಕೆ ಈ ಅಳತೆ, ಯಾಕೆ ಈ ಬಣ್ಣ, ಇದು ಬೇಕಿತ್ತಾ ಅಂತ. ಅತ್ತುಕೊಂಡು ಹೊರಗೆ ಬರೋರೂ ಇರುತ್ತಾರೆ. ನಮ್ಮ ಕಡೆ ಹಳೆಯ ಪದ್ಧತಿ ಬೇರೆ. ಮೇಷ್ಟ್ರು ಬಂದು ಬ್ರಷ್ ಇಸ್ಕೊಂಡು "ಇಲ್ಲಿ ನೆರಳು ಕಮ್ಮಿಯಾಯ್ತು ನೋಡು" ಅಂತ ತಿದ್ದಿ ಹೋಗುತ್ತಾರೆ. ಅದರಲ್ಲೂ ಕಲಿಯೋದು ಇದೆ, ನಾನು ಅಲ್ಲಗಳೆಯಲ್ಲ. ಆದರೆ ಹೊರಗೆ ಓದಿ ಬಂದ ನನ್ನ ಪರಿಚಯದವರೆಲ್ಲ ಒಂದೇ ಮಾತು ಹೇಳುತ್ತಾರೆ, ಬಂದ ಮೇಲೆ ಬೈಯೋರೇ ಇಲ್ಲ ಅಂತ. ಓಪನಿಂಗ್ ದಿನ ಎಲ್ಲರೂ ಚೆನ್ನಾಗಿದೆ ಅಂತಾರೆ, ಸಮೋಸ ತಿಂದು ಹೋಗುತ್ತಾರೆ. ಬೆಂಗಳೂರಿನ '1 ಶಾಂತಿರೋಡ್' ಅನ್ನೋ ಸ್ಟುಡಿಯೋ-ಗ್ಯಾಲರಿಯಂಥ ಜಾಗಗಳು 2000ರ ಈಚೆಗೆ ಈ ಕೊರತೆ ತುಂಬಿದವು. ಬಂದು ಹೋಗೋ ಕಲಾವಿದರು, ರಾತ್ರಿ ಹರಟೆ, ಜಗಳ, ಸ್ಲೈಡ್ ಶೋ ಎಲ್ಲ ನಡೆಯುತ್ತದೆ.

ಅಲ್ಲಿಂದ ಬರುವ ಇನ್ನೊಂದು ವಸ್ತುವಿನ ಬಗ್ಗೆ ನನಗೆ ತಕರಾರಿದೆ. ಆರ್ಟಿಸ್ಟ್ ಸ್ಟೇಟ್‌ಮೆಂಟ್, ಅಂದರೆ ತನ್ನ ಕೆಲಸದ ಬಗ್ಗೆ ಕಲಾವಿದರೇ ಬರೆದುಕೊಡೋ ವಿವರಣೆ. ಎರಡು ಪ್ಯಾರಾ ಇಂಗ್ಲಿಷ್, ಅದರಲ್ಲಿ ಒಂದು ಸಾಲೂ ಬರೆದವರ ಅಮ್ಮನಿಗೆ ಅರ್ಥವಾಗಲ್ಲ. ಗ್ರ್ಯಾಂಟ್, ರೆಸಿಡೆನ್ಸಿ, ಬಿನಾಲೆ ಎಲ್ಲದಕ್ಕೂ ಅದೇ ಕೀಲಿಕೈ. ಕಲಬುರಗಿಯ ಕನ್ನಡ ಮೀಡಿಯಂ ಹುಡುಗ ಎಷ್ಟೇ ಚೆನ್ನಾಗಿ ಕೆಲಸ ಮಾಡಲಿ, ಆ ಎರಡು ಪ್ಯಾರಾ ಬರೆಯೋಕೆ ಬಾರದೆ ಹೊರಗೇ ಉಳಿಯುತ್ತಾನೆ. ಹೊರದೇಶದ ಓದು ಕೊಡೋ ಅನುಕೂಲದಲ್ಲಿ ಎಷ್ಟು ಕಲೆಯದು, ಎಷ್ಟು ಈ ಭಾಷೆಯದು ಅಂತ ಯಾರಾದರೂ ಪ್ರಾಮಾಣಿಕವಾಗಿ ಲೆಕ್ಕ ಹಾಕಬೇಕು.

ಹೋಗದೆಯೂ ಪ್ರಭಾವ ಬರುತ್ತಾ ಅಂತ ಕೇಳಬಹುದು. ಬರುತ್ತೆ. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರನ್ನೇ ನೋಡಿ. ಅವರು ಕಲಿತದ್ದು ಕಲ್ಕತ್ತೆಯಲ್ಲಿ, ಅವನೀಂದ್ರನಾಥ ಠಾಕೂರರ ಹತ್ತಿರ. ಬಣ್ಣ ಹಚ್ಚಿ, ನೀರಲ್ಲಿ ನೆನೆಸಿ, ಮತ್ತೆ ಹಚ್ಚಿ ಮಂಜಿನಂಥ ತೆಳುವು ತರುವ ವಾಶ್ ಪದ್ಧತಿಯನ್ನು ಅವನೀಂದ್ರರು ರೂಢಿಸಿಕೊಂಡದ್ದು 1903ರಲ್ಲಿ ಕಲ್ಕತ್ತೆಗೆ ಬಂದ ಯೊಕೊಯಾಮಾ ತೈಕಾನ್, ಹಿಶಿದಾ ಶುನ್ಸೊ ಅನ್ನೋ ಜಪಾನಿ ಕಲಾವಿದರನ್ನು ನೋಡಿ. ಅಂದರೆ ಕಬ್ಬನ್ ಪಾರ್ಕಿನ ವೆಂಕಟಪ್ಪ ಗ್ಯಾಲರಿಯಲ್ಲಿ ನಾವು ನೋಡೋ ಊಟಿಯ ಮಂಜಿನಲ್ಲಿ ಒಂಚೂರು ಜಪಾನ್ ಬೆರೆತಿದೆ.

ಇಲ್ಲಿವರೆಗೆ ನಾನು ಹೇಳಿದ್ದೆಲ್ಲ ಗೆದ್ದವರ ಕತೆ, ಅದು ನನಗೂ ಗೊತ್ತು. ಹೋಗಿ ಬಂದು ಬ್ರಷ್ ಮುಟ್ಟದವರ ಪಟ್ಟಿ ಯಾರೂ ಇಟ್ಟಿಲ್ಲ. ಹೋಗಿ ಬಂದದ್ದೇ ಅಪರಾಧವಾದವರೂ ಇದ್ದಾರೆ. ಚೀನಾದ ವೂ ಗ್ವಾನ್‌ಝೊಂಗ್ ಮತ್ತು ಝಾವೊ ವೂ-ಕಿ ಇಬ್ಬರೂ ಹಾಂಗ್‌ಝೌನ ಒಂದೇ ಶಾಲೆಯಲ್ಲಿ ಕಲಿತವರು. ಇಬ್ಬರೂ 1940ರ ದಶಕದ ಕೊನೆಗೆ ಪ್ಯಾರಿಸ್‌ಗೆ ಹೋದರು. ಝಾವೊ ಅಲ್ಲೇ ಉಳಿದು ಜಗತ್ತಿಗೆಲ್ಲ ಗೊತ್ತಾದರು. ವೂ 1950ರಲ್ಲಿ ದೇಶ ಕಟ್ಟುತ್ತೇನೆ ಅಂತ ಬಂದರು. ಸಾಂಸ್ಕೃತಿಕ ಕ್ರಾಂತಿ ಶುರುವಾದಾಗ ಮನೆ ಮೇಲೆ ದಾಳಿಯಾದೀತು ಅಂತ ಹೆದರಿ ತಮ್ಮ ಕೆಲಸ ತಾವೇ ನಾಶ ಮಾಡಿದರು. ಹಳ್ಳಿಗೆ ದುಡಿಯೋಕೆ ಕಳಿಸಿದರು, ಚಿತ್ರ ಬರೆಯೋ ಹಾಗಿರಲಿಲ್ಲ. ಆಮೇಲೆ ಸ್ವಲ್ಪ ಸಡಿಲ ಕೊಟ್ಟಾಗ ಚಿತ್ರ ನಿಲ್ಲಿಸೋ ಈಸಲ್ ಇರಲಿಲ್ಲ, ಸಗಣಿ ಹೊರುವ ಬುಟ್ಟಿಯನ್ನೇ ಈಸಲ್ ಮಾಡಿಕೊಂಡರು. ಎಲ್ಲಿಗೆ ಹೋದರೂ ಈ ಲೇಖನಕ್ಕೆ ಸಗಣಿ ಬಂದು ಸೇರುತ್ತಿದೆ, ನಾನೇನು ಮಾಡಲಿ. ಅವರ ಹೆಸರು ದೊಡ್ಡದಾದದ್ದು ಅರವತ್ತು ಸಮೀಪಿಸಿದ ಮೇಲೆ. ಇಂಕ್‌ನಲ್ಲಿ ಅವರು ಬರೆದ ದಕ್ಷಿಣ ಚೀನಾದ ಬಿಳಿ ಗೋಡೆ, ಕಪ್ಪು ಮಾಡಿನ ಮನೆಗಳನ್ನು ನೋಡಿದರೆ ಪ್ಯಾರಿಸ್ ಎಲ್ಲೂ ಹೋಗಿಲ್ಲ ಅಂತ ತಿಳಿಯುತ್ತದೆ. ಒಳಗೇ ಕೂತಿತ್ತು.

ಈಗ ಕಂತಿನ ವಿಷಯಕ್ಕೆ ವಾಪಸ್. ಶೇಖ್‌ಗೆ ಹದಿನೈದು ವರ್ಷ, ರಜಾಗೆ ಮೂವತ್ತು, ಶೀಲಾ ಗೌಡರಿಗೆ ಮೊದಲ ತಿರುವಿಗೇ ಆರು. ಶೇರ್‌ಗಿಲ್ ಒಬ್ಬರೇ ಮೂರು ವರ್ಷದಲ್ಲಿ ಮುಟ್ಟಿದವರು, ಅವರ ಹಿಂದೆ ಮನೆಯ ಆಸರೆ ಇತ್ತು. ಶೇಖ್, ರಜಾ ಹೋದದ್ದು ಸ್ಕಾಲರ್‌ಶಿಪ್ ಮೇಲೆ. ಹೊರಗೆ ಕಲಿತದ್ದು ಒಳಗೆ ಇಳಿದು ಹಣ್ಣಾಗೋಕೆ ಬೇಕಾದ ವರ್ಷಗಳನ್ನು ಅವರಿಗೆ ಯಾರೂ ಬಡ್ಡಿ ಸಮೇತ ವಾಪಸ್ ಕೇಳಲಿಲ್ಲ. ನಮ್ಮ ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ ಕೋರ್ಸ್ ಮುಗಿದು ಸಾಮಾನ್ಯವಾಗಿ ಒಂದು ವರ್ಷಕ್ಕೆ ಕಂತು ಶುರು. ಏಳೂವರೆ ಲಕ್ಷ ದಾಟಿದರೆ ಬಹುತೇಕ ಕಡೆ ಅಡಮಾನ ಕೇಳುತ್ತಾರೆ, ಅಂದರೆ ಮನೆ ಪತ್ರ. ಒಂದು ವರ್ಷದಲ್ಲಿ 44 ಸಾವಿರ ತರಲೇಬೇಕಾದವಳು ಏನು ಮಾಡುತ್ತಾಳೆ? ಮಾರಾಟವಾಗೋದನ್ನು ಬರೆಯುತ್ತಾಳೆ. ಇಲ್ಲಾ ಆ್ಯಪ್, ವೆಬ್‌ಸೈಟ್‌ಗಳ ಪರದೆ ವಿನ್ಯಾಸ ಮಾಡೋ ಯುಐ ಡಿಸೈನ್‌ಗೆ ಹೋಗುತ್ತಾಳೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಅದಕ್ಕೆ 50 ಲಕ್ಷ ಬೇಕಿರಲಿಲ್ಲ.

ಹಾಗಂತ ಹೋಗಬೇಡ ಅಂತ ನಾನು ಅವಳಿಗೆ ಹೇಳಲಿಲ್ಲ. ಸಾಲದ ಮೇಲೆ ಹೋಗಬೇಡ ಅಂದೆ. ಇನ್‌ಲ್ಯಾಕ್ಸ್, ಚಾರ್ಲ್ಸ್ ವ್ಯಾಲೇಸ್ ಥರದ ಸ್ಕಾಲರ್‌ಶಿಪ್‌ಗಳಿವೆ, ಸಿಗೋದು ಕಷ್ಟ, ಆದರೂ ಎರಡು ಮೂರು ವರ್ಷ ಬಿಡದೆ ಅರ್ಜಿ ಹಾಕಬಹುದು. ಆ ವರ್ಷಗಳಲ್ಲಿ ಹೆಬ್ಬಾರರ ಥರ ಇಲ್ಲೇ ಕೆಲಸ ಮಾಡಿ, ತನಗೆ ಏನು ಬೇಡ ಅನ್ನೋದಾದರೂ ತಿಳಿದುಕೊಳ್ಳಬಹುದು. ಇನ್ನೊಂದು ದಾರಿ ಜರ್ಮನಿ. ಡುಸೆಲ್ಡಾರ್ಫ್‌ನಂಥ ಹಲವು ಸರ್ಕಾರಿ ಕಲಾ ಅಕಾಡೆಮಿಗಳಲ್ಲಿ ಟ್ಯೂಷನ್ ಫೀಸೇ ಇಲ್ಲ, ಸೆಮಿಸ್ಟರ್‌ಗೆ ಇಷ್ಟು ಅಂತ ಸಣ್ಣ ಮೊತ್ತ ಕಟ್ಟಬೇಕು. ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಾದರೆ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ಬದುಕಿನ ಖರ್ಚಿಗೆ ವರ್ಷಕ್ಕೆ 11,904 ಯೂರೋ ಮೊದಲೇ ಖಾತೆಯಲ್ಲಿ ಇಟ್ಟು ತೋರಿಸಬೇಕು, ಅದೇನು ಚಿಲ್ಲರೆ ಅಲ್ಲ, ಆದರೆ ಅದು ನಿಮ್ಮದೇ ದುಡ್ಡು, ತಿಂಗಳು ತಿಂಗಳು ವಾಪಸ್ ಬರುತ್ತೆ. ಒಬ್ಬ ಪ್ರೊಫೆಸರ್ ಕ್ಲಾಸಿಗೆ ಸೇರಿಕೊಂಡು ವರ್ಷಗಟ್ಟಲೆ ಸ್ಟುಡಿಯೋದಲ್ಲಿ ಕೆಲಸ ಮಾಡೋ ಪದ್ಧತಿ ಅಲ್ಲಿ. ಲಂಡನ್‌ನ ಒಂದು ವರ್ಷದ ಓಟಕ್ಕಿಂತ ನಿಧಾನ. ತೊಡಕು ಅಂದರೆ ಜರ್ಮನ್ ಕಲಿಯಬೇಕು.

ಹೋದ ವಾರ ಅಕ್ಕನ ಮನೆಗೆ ಹೋಗಿದ್ದೆ. ಹುಡುಗಿ ಇಂದಿರಾನಗರದಲ್ಲಿ ಜರ್ಮನ್ ಕ್ಲಾಸ್ ಸೇರಿದ್ದಾಳೆ. ಒಗ್ಗರಣೆ ಹಾಕುತ್ತಾ ಡೇರ್, ಡೀ, ದಾಸ್ ಅಂತ ಬಾಯಿಪಾಠ ಮಾಡುತ್ತಿದ್ದಳು. ಆ ಭಾಷೆಯಲ್ಲಿ ವಸ್ತುಗಳಿಗೂ ಲಿಂಗ ಇದೆ, ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ ಅಂತೆ. ಭಾವನಿಗೆ ಇದ್ಯಾವುದೂ ತಲೆಗೆ ಹೋಗಿಲ್ಲ, ಮನೆ ಪತ್ರ ಬೀರುವಲ್ಲೇ ಇದೆ ಅನ್ನೋ ಸಮಾಧಾನದಲ್ಲಿ ಪೇಪರ್ ಓದುತ್ತಾ ಕೂತಿದ್ದರು.